ಹಳಗನ್ನಡ ಪದ್ಯ: ಅರ್ಥ ಹೇಳಬೇಕೆ, ಓದಿಸಬೇಕೆ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿ. ಹಳಗನ್ನಡ ಪದ್ಯಗಳಿಗೆ ಪದಪದಕ್ಕೂ ಅರ್ಥ ಹೇಳಿ ಸಾರಾಂಶ ಬರೆಸುತ್ತೇನೆ. ಮಕ್ಕಳು ಅದನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದೇ ಕವಿಯ ಇನ್ನೊಂದು ಪದ್ಯ ಕೊಟ್ಟರೆ ಒಂದು ಸಾಲನ್ನೂ ಬಿಡಿಸಲಾರರು. ಹೊಸಗನ್ನಡ ರೂಪವನ್ನೇ ಮೊದಲು ಓದಿಸಿದರೆ ಅನುಕೂಲವಾದೀತೆ?

ಉತ್ತರ: ಆಗಲಾರದು. ಹೊಸಗನ್ನಡ ರೂಪ ಮೊದಲೇ ಕೈಗೆ ಸಿಕ್ಕರೆ ಮಕ್ಕಳಿಗೆ ಮೂಲವನ್ನು ಓದುವ ಅಗತ್ಯವೇ ಉಳಿಯುವುದಿಲ್ಲ. ನಿಮ್ಮ ಈಗಿನ ಕ್ರಮದ ತೊಡಕೂ ಇದೇ: ಓದುವ ಕೆಲಸವನ್ನೆಲ್ಲ ನೀವೇ ಮಾಡಿ ಮುಗಿಸುತ್ತಿದ್ದೀರಿ. ಮರದ ತುಂಡುಗಳನ್ನು ಜೋಡಿಸುವ ಮೂರರಿಂದ ಐದು ವರ್ಷದ ಮಕ್ಕಳಿಗೆ ದೊಡ್ಡವರು ನೆರವಾಗುವ ಬಗೆಯನ್ನು ಕುರಿತು ಮನೋವಿಜ್ಞಾನಿಗಳಾದ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಒಂದು ಪ್ರಬಂಧ ಬರೆದರು. ಮಗುವಿಗೆ ಎಟುಕದ ಭಾಗವನ್ನಷ್ಟೇ ದೊಡ್ಡವರು ಹಿಡಿದುಕೊಂಡು, ಎಟುಕುವುದನ್ನು ಮಗುವಿಗೇ ಬಿಡುವ ಕ್ರಮವನ್ನು ಅವರು ಗಾರೆಯವರ ಸಾರುವೆಯ ಹೆಸರಿನಿಂದ ಕರೆದರು. ಸಾರುವೆಯ ಮೇಲೆ ನಿಂತು ಗೋಡೆ ಕಟ್ಟಬೇಕಾದವರು ಮಕ್ಕಳೇ.

ರನ್ನನ ಗದಾಯುದ್ಧದ ಒಂದು ಕಂದವನ್ನು ನೋಡೋಣ. ಶರಶಯ್ಯೆಯಲ್ಲಿರುವ ಭೀಷ್ಮನು ಸಂಧಿ ಮಾಡಿಕೊಳ್ಳೆಂದಾಗ ದುರ್ಯೋಧನನು ಹೇಳುವ ಮಾತು:

ನೆಲಕಿಱಿವೆನೆಂದು ಬಗೆದಿರೆ
ಚಲಕಿಱಿವೆಂ ಪಾಂಡುಸುತರೊಳೀ ನೆಲನಿದು ಪಾೞ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲನೊಡನೆ ಮತ್ತೆ ಪುದುವಾೞ್ದಪೆನೇ

ಸಂದರ್ಭವನ್ನು ನೀವು ಹೇಳಲೇಬೇಕು. ಅದು ಈ ನಾಲ್ಕು ಸಾಲುಗಳಿಂದ ತಿಳಿಯುವಂಥದ್ದಲ್ಲ. ಆಮೇಲೆ ಅರ್ಥಕ್ಕೆ ಕೈಹಾಕದೆ ಪದ್ಯವನ್ನು ಗಟ್ಟಿಯಾಗಿ ಓದಿಸಿ, ನಿಲ್ಲಬೇಕಾದ ಕಡೆಯನ್ನು ನೀವು ತೋರಿಸಿ, ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಸಿ. ಎರಡನೆಯ ಸಾಲು ‘ಪಾೞ್’ ಎಂಬಲ್ಲಿ ಮುಗಿದರೂ ಪದ ಮುಗಿಯುವುದು ಮುಂದಿನ ಸಾಲಿನ ‘ನೆಲ’ದಲ್ಲಿ, ಏಕೆಂದರೆ ಕಂದದ ಸಾಲು ಮಾತ್ರೆಯ ಲೆಕ್ಕಕ್ಕೆ ಮುರಿಯುತ್ತದೆಯೇ ಹೊರತು ವಾಕ್ಯದ ಲೆಕ್ಕಕ್ಕಲ್ಲ. ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ನಾವು ಅದನ್ನು ಪದಗಳ ಕಷ್ಟವೆಂದು ತಪ್ಪು ತಿಳಿದು ಅರ್ಥ ಹೇಳಲು ತೊಡಗುತ್ತೇವೆ.

ಪದಗಳಲ್ಲಿಯೂ ಎಲ್ಲಕ್ಕೂ ನಿಮ್ಮ ನೆರವು ಬೇಡ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಾೞ್ ಏನಾದೀತೆಂದು ಕೇಳಿದರೆ ‘ಹಾಳು’ ಎಂದು ಅವರೇ ಹೇಳುತ್ತಾರೆ. ಭೂಪ, ನೃಪ ಗೊತ್ತಿರುವವರು ದಿನಪನನ್ನು ಸೂರ್ಯನೆಂದು ಬಿಡಿಸಿ, ಅವನ ಸುತ ಕರ್ಣನನ್ನೂ ಮುಟ್ಟುತ್ತಾರೆ. ‘ಪುದು’ ಎಂದರೆ ಜೊತೆ, ಕೂಡಿಕೆ ಎಂಬುದನ್ನು ಮಾತ್ರ ಹೇಳಿಕೊಡಿ. ಬಾೞ್ ಎಂಬುದು ವಾೞ್ ಆದದ್ದು ಅವರು ಕಲಿತ ಆದೇಶ ಸಂಧಿಯೇ. ಇಷ್ಟಾದ ಮೇಲೆ ‘ನೆಲ’ ಎಷ್ಟು ಸಲ ಬಂದಿದೆಯೆಂದು ಎಣಿಸಲು ಹೇಳಿ. ನಾಲ್ಕು ಸಲ. ಕೊಂದ ಎನ್ನದೆ ‘ಕೊಲಿಸಿದ’ ಎಂದದ್ದೇಕೆ, ಹಾಗಾದರೆ ದುರ್ಯೋಧನನ ಕಣ್ಣಿನಲ್ಲಿ ಅಪರಾಧಿ ಯಾರು ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. (ಉಪಾಧ್ಯಾಯರಿಗೆ ಅತ್ಯಂತ ಕಷ್ಟದ ಕೆಲಸ ಇದೇ.) ಸಾರಾಂಶವನ್ನು ಅವರು ಬರೆಯಲಿ, ವಾಕ್ಯಗಳು ಸೊಟ್ಟಗಿದ್ದರೂ ಸರಿಯೇ.

ಪ್ರಶ್ನೆ: ಇಂಥ ನೆರವನ್ನು ಯಾವಾಗ ನಿಲ್ಲಿಸಬೇಕು? ಐವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ಒಂದೇ ಹಂತದಲ್ಲಿರುವುದಿಲ್ಲವಲ್ಲ?

ಉತ್ತರ: ಒಮ್ಮೆಗೇ ನಿಲ್ಲಿಸಬೇಡಿ. ಮುಂದಿನ ಪದ್ಯದಲ್ಲಿ ನಿಲುಗಡೆಯ ಗೆರೆಗಳನ್ನು ಮಕ್ಕಳೇ ಹುಡುಕಲಿ, ಅದರ ಮುಂದಿನದರಲ್ಲಿ ಪದಗಳ ಸುಳಿವನ್ನೂ ಬಿಟ್ಟು ನಿಘಂಟನ್ನು ಕೈಗೆ ಕೊಡಿ. ಸಂದರ್ಭವನ್ನು ಮಾತ್ರ ಕೊನೆಯವರೆಗೂ ಹೇಳಿ. ದೊಡ್ಡ ತರಗತಿಗೆ ಶಿಕ್ಷಣ ಸಂಶೋಧಕರಾದ ಪ್ಯಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ ಕ್ರಮ ಒಗ್ಗುತ್ತದೆ: ಐದಾರು ಮಕ್ಕಳ ಗುಂಪಿನಲ್ಲಿ ಸರದಿಯಂತೆ ಒಬ್ಬರು ಉಪಾಧ್ಯಾಯರಾಗಿ, ಓದಿದ ಭಾಗದ ಮೇಲೆ ಪ್ರಶ್ನೆ ಕೇಳುವುದು, ಸಂಗ್ರಹಿಸಿ ಹೇಳುವುದು, ತೊಡಕಿನ ಪದವನ್ನು ಬಿಡಿಸುವುದು, ಮುಂದೇನು ಬಂದೀತೆಂದು ಊಹಿಸುವುದು. ಮೊದಲ ಕೆಲವು ದಿನ ನೀವೇ ಇದನ್ನು ಮಾಡಿ ತೋರಿಸಬೇಕಾಗುತ್ತದೆ. ಆಗ ನೀವು ಓದಿಲ್ಲದ ಪದ್ಯವೊಂದನ್ನೇ ಆರಿಸಿಕೊಂಡು, ಎಡವಿದ್ದನ್ನೂ ನಿಘಂಟು ತೆರೆದದ್ದನ್ನೂ ಮಕ್ಕಳು ನೋಡುವಂತೆ ಓದಿ.