ಕೆಂಪು ದೀಪ ಕಾಲಿಗೆ ರಕ್ತ ತರುತ್ತದೆಯೇ?

ಪ್ರಶ್ನೆ: ಅವ್ವನಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು. ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಹಿಮ್ಮಡಿಯ ಹುಣ್ಣು ಮಾಯುತ್ತಿಲ್ಲ. ಕಲಬುರಗಿಯಲ್ಲಿ ಒಬ್ಬರು ಕಾಲಿಗೆ ಕೆಂಪು ದೀಪದ ಪಟ್ಟಿ ಸುತ್ತಿದರು. ಮೊದಲು ಬೆರಳಿನ ಕ್ಲಿಪ್‌ನಲ್ಲಿ 96 ಇತ್ತು, ಆಮೇಲೆ 98. ‘ಆಕ್ಸಿಜನ್ ಏರಿತು ನೋಡ್ರಿ’ ಅಂದರು. ಆ ಯಂತ್ರ ಕೊಳ್ಳಬೇಕೇನ್ರಿ ಡಾಕ್ಟ್ರೇ?
– ಓದುಗರು, ಶಹಾಪುರ

ಉತ್ತರ: ಸದ್ಯಕ್ಕೆ ಬ್ಯಾಡ್ರಿ. ದೀಪ ಸುತ್ತಿದ್ದು ಕಾಲಿಗೆ, ಅಳೆದಿದ್ದು ಕೈಬೆರಳಲ್ಲಿ! ಆ ಕ್ಲಿಪ್ ಹೇಳುವುದು ಶ್ವಾಸಕೋಶದಿಂದ ಹೊರಟ ರಕ್ತದಲ್ಲಿ ಆಕ್ಸಿಜನ್ ಎಷ್ಟು ತುಂಬಿದೆ ಎಂಬುದನ್ನು ಮಾತ್ರ. ಕೈ ತಣ್ಣಗಿದ್ದರೂ, ಬೆರಳು ಅಲುಗಿದರೂ ಒಂದೆರಡು ಅಂಕ ಹಿಂದೆಮುಂದೆ ಆಗುತ್ತದೆ. ಹಿಮ್ಮಡಿಗೆ ರಕ್ತ ಮುಟ್ಟುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗದು.

ಹಾಗಂತ ಬೆಳಕಿನ ಚಿಕಿತ್ಸೆ ಪೂರ್ತಿ ಬುರುಡೆಯಲ್ಲ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್, ಬೋಳಿಸಿದ ಇಲಿಗಳ ಬೆನ್ನಿಗೆ ಮಂದ ಲೇಸರ್ ಹಾಯಿಸಿದಾಗ ಕೂದಲು ಬೇಗ ಬೆಳೆದದ್ದನ್ನು ಕಂಡರು. ಅದು ಹೇಗೆ ಅಂತೀರಾ? ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲಿ ಆಕ್ಸಿಜನ್ ಕೊನೆಗೆ ಬಳಕೆಯಾಗುವುದು ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವದ ಬಳಿ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಲ್ಲಿ ಅಂಟಿ ಕುಳಿತರೆ ಆ ಕೆಲಸ ನಿಧಾನವಾಗುತ್ತದೆ. ಕೆಂಪು ಮತ್ತು ಅದರಾಚೆಯ ಕಣ್ಣಿಗೆ ಕಾಣದ ಬೆಳಕು ಅದನ್ನು ಬಿಡಿಸುತ್ತದೆ, ಬಿಟ್ಟುಹೋದ ನೈಟ್ರಿಕ್ ಆಕ್ಸೈಡ್ ಹತ್ತಿರದ ಸಣ್ಣ ರಕ್ತನಾಳಗಳನ್ನು ಸಡಿಲಿಸುತ್ತದೆ ಎಂಬುದು ಹೆಚ್ಚು ಕೇಳಿಬರುವ ವಿವರಣೆ. ವಾದ ಇನ್ನೂ ಮುಗಿದಿಲ್ಲ. ಪ್ರಮಾಣವೂ ಮುಖ್ಯ: ಹದ ಮೀರಿದರೆ ಸಿಗಬೇಕಾದ ಪರಿಣಾಮವೂ ಕುಗ್ಗುತ್ತದೆ. ‘ದಿನಾ ಎರಡು ತಾಸು ಹಚ್ಚಿಕೊಳ್ರಿ’ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ಬಾಯಿಹುಣ್ಣಿಗೆ ಇದರ ಪುರಾವೆ ಚೆನ್ನಾಗಿದೆ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಅಷ್ಟು ಗಟ್ಟಿಯಾಗಿಲ್ಲ.

ನಿಮ್ಮ ಅವ್ವನ ಲಕ್ಷಣ ಕೇಳಿದರೆ ತೊಡೆ ಅಥವಾ ಮೀನಖಂಡದ ದೊಡ್ಡ ರಕ್ತನಾಳವೇ ಕಿರಿದಾದಂತಿದೆ. ಕಾಲುವೆಯ ಕೊನೆಭಾಗದ ಹೊಲದ ಪಾಡು ನಿಮ್ಮ ಕಡೆಯವರಿಗೆ ಹೇಳಿಕೊಡಬೇಕೇ? ಮೇಲಿಂದ ನೀರು ಬರುವುದೇ ನಿಂತಮೇಲೆ ಕೆಳಗಿನ ಬದು ಎಷ್ಟು ಸರಿಮಾಡಿದರೇನು? ಕಟ್ಟಿಕೊಂಡ ನಾಳವನ್ನು ಈ ಬೆಳಕು ತೆರೆಯದು.

ಇನ್ನೊಂದು ಮಾತು. ಅಂಗಡಿಯಲ್ಲಿ ಕೆಂಪಗೆ ಉರಿಯುವ, ಶಾಖ ಕೊಡುವ ಬಲ್ಬ್ ಸಿಗುತ್ತದೆ. ಅದೇ ಇದು ಅಂದುಕೊಂಡು ಕಾಲಿಗೆ ಹಿಡಿಯಬೇಡಿ. ಬಿಸಿಯಾದ ಚರ್ಮ ಹೆಚ್ಚು ಆಕ್ಸಿಜನ್ ಬೇಡುತ್ತದೆ, ತರಲು ರಕ್ತವಿಲ್ಲ. ಜೋಮು ಹಿಡಿದ ಪಾದಕ್ಕೆ ಸುಟ್ಟದ್ದೂ ತಿಳಿಯದು. ಬೊಬ್ಬೆ ಎದ್ದ ಮೇಲೆ ಚಿಕಿತ್ಸೆಗೆ ಬಂದವರನ್ನು ಕಂಡಿದ್ದೇನೆ.

ಈ ವಾರವೇ ಯಾದಗಿರಿಯ ಯಿಮ್ಸ್ ಆಸ್ಪತ್ರೆಗೋ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೋ ಕರೆದೊಯ್ಯಿರಿ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂದಲ್ಲಿ ನಾಳ ಕಟ್ಟಿದೆ ಎಂಬ ಗುಮಾನಿ. ಸಕ್ಕರೆ ಕಾಯಿಲೆಯಲ್ಲಿ ನಾಳ ಗಡುಸಾಗಿ ಲೆಕ್ಕ ಸರಿಯಿದ್ದಂತೆ ಕಾಣಬಹುದು, ಆದ್ದರಿಂದ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಪರೀಕ್ಷೆಯನ್ನೂ ಕೇಳಿ. ಕಾಲ್ಬೆರಳು ಕಪ್ಪಾದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಅದೇ ದಿನ ಹೊರಡಿ. ತಂಬಾಕು ಹಾಕುವ ರೂಢಿಯಿದ್ದರೆ ಬಿಡಿಸಿ. ರಕ್ತದ ದಾರಿ ಸರಿಯಾದ ಮೇಲೆ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವವರೇ ಬೇಕೆಂದರೆ ಬೆಳಕಿನ ಮಾತು ನೋಡೋಣ.

ಹೋಗುವಾಗ ಅವ್ವ ದಿನಾ ಹಾಕುವ ಚಪ್ಪಲಿಯನ್ನೂ ಒಯ್ಯಿರಿ. ಹಿಮ್ಮಡಿಯ ಹುಣ್ಣಿಗೆ ಎಷ್ಟೋ ಸಲ ಅದರ ಅಂಚೇ ಕಾರಣ.