ಬಾಯಿ ಗಟ್ಟಿಯೋ, ಕೈ ಗಟ್ಟಿಯೋ? ಕುದುರೆ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರೇಸ್ ಬಿಟ್ಟ ಏಳು ವರ್ಷದ ಥರೋಬ್ರೆಡ್ (ರೇಸ್ ತಳಿಯ) ಗೆಲ್ಡಿಂಗ್, ಅಂದರೆ ಬೀಜ ಒಡೆದ ಗಂಡು ಕುದುರೆ, ಒಂದನ್ನು ತಂದು ಹತ್ತು ತಿಂಗಳಾಯಿತು. ಟ್ರಾಟ್ (ದುಡುಕಿ ಓಟ) ಶುರುವಾದರೆ ಸಾಕು, ಲಗಾಮಿನ ಮೇಲೆ ಭಾರವೆಲ್ಲ ಹಾಕಿ ಓಡುತ್ತದೆ. ಅರ್ಧ ಗಂಟೆಗೆ ನನ್ನ ತೋಳು ಬಿದ್ದುಹೋಗುತ್ತದೆ. ಲಾಯದಲ್ಲಿ ಎಲ್ಲರೂ ‘ಬಾಯಿ ಗಟ್ಟಿ, ಇನ್ನೂ ಖಡಕ್ ಬಿಟ್ (ಬಾಯೊಳಗಿನ ಕಡಿವಾಣ) ಹಾಕಿ’ ಎನ್ನುತ್ತಾರೆ. ಹಾಕಲೇ? (ಯಲಹಂಕ)

ಉತ್ತರ: ಬಿಟ್ ಬದಲಿಸಬೇಡಿ. ನಿಮ್ಮ ಕುದುರೆ ಕಲಿತ ಪಾಠವನ್ನೇ ಒಪ್ಪಿಸುತ್ತಿದೆ. ರೇಸಿನಲ್ಲಿ ಜಾಕಿ ಲಗಾಮನ್ನು ಗಿಡ್ಡ ಮಾಡಿ, ಕುತ್ತಿಗೆಯ ಮೇಲೆ ಅಡ್ಡಹಾಕಿ ಹಿಡಿಯುತ್ತಾನೆ. ಕುದುರೆ ಆ ಬಿಗಿಗೆ ಬಾಯಿ ಆನಿಸಿಕೊಂಡೇ ಓಡುತ್ತದೆ. ಓಟ ಮುಗಿದು ಜಾಕಿ ಕೈ ಇಳಿಸಿದಾಗ ನಿಧಾನವಾಗುತ್ತದೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಿಂದ ರೈಡಿಂಗ್ ಶಾಲೆಗೆ ಬರುವ ಕುದುರೆಗಳಲ್ಲಿ ಈ ಅಭ್ಯಾಸ ಸಾಮಾನ್ಯ. ನೀವು ನಿಲ್ಲಲಿ ಎಂದು ಎಳೆಯುತ್ತೀರಿ, ಅದಕ್ಕೆ ಓಡು ಎಂದು ಕೇಳಿಸುತ್ತದೆ. 450 ಕಿಲೋ ಕುದುರೆಯ ತಲೆ, ಕುತ್ತಿಗೆ ಸೇರಿದರೆ ಸುಮಾರು 45 ಕಿಲೋ. ಈ ಹಗ್ಗಜಗ್ಗಾಟದಲ್ಲಿ ನೀವು ಗೆಲ್ಲುವುದಿಲ್ಲ.

‘ಗಟ್ಟಿ ಬಾಯಿ’ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆಯಲ್ಲ, ಬಿಟ್ ಕೂರುವುದು ಅಲ್ಲಿ. ಮೂಳೆಯ ಮೇಲೆ ತೆಳ್ಳನೆಯ ವಸಡು ಬಿಟ್ಟರೆ ಬೇರೇನಿಲ್ಲ. ಬೆನ್ನ ಮೇಲೆ ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿಗೆ ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ ಅಂತೀರಾ? ತಿಳಿಯುತ್ತದೆ. ಏನು ಮಾಡಿದರೂ ಕೈ ಸಡಿಲವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಉತ್ತರ ಕೊಡುವುದನ್ನು ಬಿಟ್ಟಿರುತ್ತದೆ.

ಪಾಠಕ್ಕೆ ಮುಂಚೆ ನೋವಿದೆಯೇ ನೋಡಿ. ಪಶುವೈದ್ಯರಿಗೆ ಹಲ್ಲು ತೋರಿಸಿ. ಮೇಲ್ದವಡೆ ಹಲ್ಲಿನ ಹೊರ ಅಂಚು, ಕೆಳದವಡೆಯದರ ಒಳ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತಿರಬಹುದು. 6ರಿಂದ 12 ತಿಂಗಳಿಗೊಮ್ಮೆ ಅದನ್ನು ಉಜ್ಜಿಸಬೇಕು. ದವಡೆ ಹಲ್ಲಿನ ಮುಂದೆ ಬರುವ ಪುಟ್ಟ ‘ವುಲ್ಫ್ ಟೂತ್’ ಇದ್ದರೆ ಬಿಟ್ ತಾಗುವುದುಂಟು. ಜೀನಿನ ಮೇಲೆ ಕೂತಾಗ, ಮುಂಭಾಗದಲ್ಲಿ ಕುದುರೆಯ ಹೆಗಲಿನ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬಂದರೆ ಹೊಟ್ಟೆಹುಣ್ಣಿನ ಬಗ್ಗೆಯೂ ಕೇಳಿ. ರೇಸ್ ಕುದುರೆಗಳಲ್ಲಿ ಅದು ಬಹಳ. ಬಿಟ್ಟಿನ ಮಟ್ಟಿಗೆ ಸಾದಾ ಸ್ನ್ಯಾಫಲ್ (ಸನ್ನೆಬಲವಿಲ್ಲದ ಸರಳ ಬಿಟ್) ಸಾಕು, ತುಟಿಯಿಂದ ಎರಡೂ ಕಡೆ ಸುಮಾರು 5 ಮಿ.ಮೀ. ಹೊರಗಿರಲಿ. ದಪ್ಪ ಬಿಟ್ ಮೃದು ಎಂಬ ನಂಬಿಕೆ ಇದೆ. ಆದರೆ ಥರೋಬ್ರೆಡ್ ಬಾಯೊಳಗೆ ಜಾಗ ಕಡಿಮೆ. 14ರಿಂದ 16 ಮಿ.ಮೀ. ಇರುವುದೇ ಅನೇಕ ಕುದುರೆಗಳಿಗೆ ಹಿತ.

ಇವೆಲ್ಲ ಸರಿಯಿದ್ದರೆ ಪಾಠವನ್ನು ನಿಂತಲ್ಲೇ ಶುರುಮಾಡಿ. ಜೀನಿನ ಮೇಲೆ ಕೂತು ಎರಡೂ ಲಗಾಮು ಎತ್ತಿಕೊಳ್ಳಿ, ಬಾಯಿ ಕೈಗೆ ಸಿಗುವಷ್ಟು ಮಾತ್ರ. ಮೊಣಕೈ ಪಕ್ಕೆಗೆ ತಾಗಿರಲಿ. ಈಗ ಒದ್ದೆ ಬಟ್ಟೆ ಹಿಂಡುವ ಹಾಗೆ ಬೆರಳು ಮುಚ್ಚಿ. ಕೈ ಹಿಂದಕ್ಕೆ ಬರಬಾರದು. ಕುದುರೆ ಭಾರ ಹಾಕಬಹುದು, ಹಾಕಲಿ. ನೀವು ಇನ್ನಷ್ಟು ಸೇರಿಸಬೇಡಿ, ಬಿಡಲೂ ಬೇಡಿ. ಹತ್ತು ಸೆಕೆಂಡೋ ಇಪ್ಪತ್ತೋ ಕಳೆದ ಮೇಲೆ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ದವಡೆ ಒಮ್ಮೆ ಆಡುತ್ತದೆ, ಕೈಯಲ್ಲಿನ ಭಾರ ಒಂದು ಎಳೆ ಇಳಿಯುತ್ತದೆ. ಆ ಕ್ಷಣಕ್ಕೇ ಬೆರಳು ಬಿಚ್ಚಿ. ಒಂದು ಸೆಕೆಂಡು ತಡವಾದರೂ ಕುದುರೆ ಮತ್ತೆ ಆನಿಕೊಂಡಿರುತ್ತದೆ, ಆಗ ನೀವು ಆನಿಕೊಂಡದ್ದಕ್ಕೆ ಬಹುಮಾನ ಕೊಟ್ಟಂತೆ. ಎಳೆದದ್ದರಿಂದ ಅದು ಕಲಿಯುವುದಿಲ್ಲ, ಬಿಟ್ಟ ಹೊತ್ತಿನಿಂದ ಕಲಿಯುತ್ತದೆ. ಲಗಾಮು ಸಡಿಲ ಬಿಟ್ಟು ಹತ್ತು ಸೆಕೆಂಡು ಸುಮ್ಮನೆ ಕೂತು ಮತ್ತೆ ಮಾಡಿ. ಐದಾರು ಸಲ ಸಾಕು. ಕುದುರೆ ಹಿಂದಕ್ಕೆ ಹೆಜ್ಜೆ ಹಾಕಿದರೆ ನೀವು ಎಳೆದಿದ್ದೀರಿ ಎಂದರ್ಥ. ತಲೆ ಕೊಡವಿದರೆ ಬಹುಶಃ ಬೆರಳು ಜರ್ಕ್ ಆಗಿ ಮುಚ್ಚಿದೆ.

ಎರಡು ಮೂರು ದಿನ ಇದಾದ ಮೇಲೆ ವಾಕ್‌ನಲ್ಲಿ ಹತ್ತು ಹೆಜ್ಜೆ ನಡೆಸಿ, ನಿಲ್ಲಿಸಿ. ಮೊದಲು ಬೆನ್ನು ನೇರ ಮಾಡಿ ಸೊಂಟದ ತೂಗಾಟ ನಿಲ್ಲಿಸಿ, ಬೆರಳು ಆಮೇಲೆ. ನಿಲ್ಲಲು ಎಷ್ಟು ಹೆಜ್ಜೆ ತೆಗೆದುಕೊಂಡಿತು ಎಂದು ಎಣಿಸಿ. ಐದಾರಿದ್ದದ್ದು ಒಂದೆರಡಕ್ಕೆ ಇಳಿಯಬೇಕು. ನಿಲ್ಲದಿದ್ದರೆ ಎಳೆದೇ ಇರಬೇಡಿ, ನೇರ ಬೇಲಿಯ ಕಡೆಗೆ ತಿರುಗಿಸಿ, ಬೇಲಿಯೇ ನಿಲ್ಲಿಸುತ್ತದೆ. ನೀವು ಆಗ ಬೆರಳು ಬಿಚ್ಚಿದರೆ ಆಯಿತು.

ಟ್ರಾಟ್‌ಗೆ ಹೋದಾಗ ಒಂದೇ ಸಮನೆ ಹಿಡಿದ ಲಗಾಮು ಅದಕ್ಕೆ ಗೋಡೆಯಿದ್ದಂತೆ, ಒರಗಿಯೇ ಒರಗುತ್ತದೆ. ಹಾಗಾಗಿ ಒಂದು ಹೆಜ್ಜೆಗೆ ಮುಚ್ಚಿ, ಮರುಹೆಜ್ಜೆಗೆ ಬಿಚ್ಚಿ. 20 ಮೀಟರ್ ವ್ಯಾಸದ ವೃತ್ತದಲ್ಲೇ ಇರಿ, ನೇರ ದಾರಿ ಕಂಡರೆ ಇವಕ್ಕೆ ರೇಸ್‌ಕೋರ್ಸ್ ನೆನಪಾಗುತ್ತದೆ. ವೃತ್ತವನ್ನು ನಿಧಾನಕ್ಕೆ 12 ಮೀಟರಿಗೆ ಇಳಿಸಿ, ವೃತ್ತದ ಒಳಬದಿಯ ನಿಮ್ಮ ಕಾಲಿನಿಂದ ತಳ್ಳುತ್ತ ಮತ್ತೆ 20ಕ್ಕೆ ಹಿಗ್ಗಿಸಿ. ಒಳಗಿನ ಹಿಂಗಾಲು ಹೊಟ್ಟೆಯ ಅಡಿಗೆ ಬಂದಷ್ಟೂ ಕೈಯಲ್ಲಿನ ಭಾರ ತಾನಾಗಿ ಇಳಿಯುತ್ತದೆ. ಭಾರ ಬಾಯಲ್ಲಿ ಕಂಡರೂ ಅದರ ಬೇರು ಹಿಂಗಾಲಿನಲ್ಲಿದೆ. ದಿನಕ್ಕೆ 25 ನಿಮಿಷ, ವಾರಕ್ಕೆ ನಾಲ್ಕೈದು ದಿನ. ಆರೇಳು ವಾರ ಬೇಕಾಗುತ್ತದೆ, ನಡುವೆ ಒಂದು ವಾರ ಎಲ್ಲ ಹಾಳಾಯಿತು ಅನ್ನಿಸುವುದೂ ಇದೆ.

ಪ್ರಶ್ನೆ: ಹದಿಮೂರು ವರ್ಷದ ಮಗಳು ಶಾಲೆಯ ಕುದುರೆಯ ಮೇಲೆ ಕಲಿಯುತ್ತಿದ್ದಾಳೆ. ಹೆಜ್ಜೆ ಹೆಜ್ಜೆಗೂ ಹಿಮ್ಮಡಿಯಿಂದ ಒದೆಯದಿದ್ದರೆ ಅದು ನಡೆಯುವುದೇ ಇಲ್ಲ. ಕಾಲು ನೋವು ಅಂತ ಅಳುತ್ತಾಳೆ. (ಮೈಸೂರು)

ಉತ್ತರ: ಹೆಜ್ಜೆ ಹೆಜ್ಜೆಗೂ ಒದೆಯುವುದರಿಂದಲೇ ಹಾಗಾಗಿದೆ. ನಡೆದರೂ ಒದೆ, ನಿಂತರೂ ಒದೆ ಅಂದ ಮೇಲೆ ಕುದುರೆ ಏಕೆ ನಡೆಯಬೇಕು? ಒದೆ ಗಡಿಯಾರದ ಟಿಕ್ ಟಿಕ್ ಆಗಿಬಿಟ್ಟಿದೆ.

ಪಾಪುಗೆ ಹೀಗೆ ಹೇಳಿ: ಮೊದಲು ಮೀನಖಂಡದಿಂದ ಕುದುರೆಯ ಪಕ್ಕೆಯನ್ನು ಮೆಲ್ಲಗೆ ಒತ್ತು, ‘ಒಂದು, ಎರಡು’ ಎನ್ನುವಷ್ಟು ಹೊತ್ತು. ನಡೆಯದಿದ್ದರೆ ಒಮ್ಮೆ ಜೋರಾಗಿ ಒತ್ತು. ಆಗಲೂ ಇಲ್ಲವೆಂದರೆ ನಿನ್ನ ಕಾಲಿನ ಹಿಂದೆ ಚಾಟಿಯಿಂದ ತಟ್ಟು, ನಡೆಯುವವರೆಗೆ ಬೇಗ ಬೇಗ, ಮೆಲ್ಲಗೆ. ಹೆಜ್ಜೆ ಎತ್ತಿದ್ದೇ ತಡ, ಎಲ್ಲವನ್ನೂ ನಿಲ್ಲಿಸಿ ಕಾಲು ಇಳಿಬಿಡು. ಮುಂದಿನ ಸಲ ಮತ್ತೆ ಮೆಲ್ಲನೆಯ ಒತ್ತಿನಿಂದಲೇ ಶುರು, ಹಿಂದಿನ ಜೋರಿನಿಂದಲ್ಲ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕುದುರೆ ನಡೆಯುತ್ತಿರುವಾಗ ಕಾಲು ಸುಮ್ಮನಿರಲಿ. ನಿಧಾನವಾದರೆ ಹೊಸದಾಗಿ ಕೇಳಬೇಕು.

ಇನ್ನೊಂದು ತಪ್ಪು ಈ ವಯಸ್ಸಿನ ಮಕ್ಕಳಲ್ಲಿ ಕಂಡೇ ಕಾಣುತ್ತದೆ: ಕಾಲು ಹೋಗು ಎನ್ನುವಾಗ ಕೈ ಹಿಡಿದಿಟ್ಟಿರುತ್ತದೆ. ವಾಕ್ ಮತ್ತು ಕ್ಯಾಂಟರಿನಲ್ಲಿ (ಟ್ರಾಟ್‌ಗಿಂತ ವೇಗದ ಓಟ) ಕುದುರೆಯ ತಲೆ ಹೆಜ್ಜೆಗೆ ತಕ್ಕಂತೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ, ಆದ್ದರಿಂದ ಮೊಣಕೈ ಬಾಗಿಲ ತಿರುಗಣಿಯಂತೆ ಮುಚ್ಚಿ ಬಿಚ್ಚಬೇಕು. ಟ್ರಾಟ್‌ನಲ್ಲಿ ತಲೆ ಹೆಚ್ಚುಕಡಿಮೆ ನಿಶ್ಚಲ; ಅಲ್ಲಿ ಮೇಲೇಳುವುದು ಮಗಳು. ಅವಳು ಎದ್ದಾಗ ಕೈಯೂ ಎದ್ದರೆ ಬಾಯಿಗೆ ಪೆಟ್ಟು. ಎದ್ದಾಗ ಮೊಣಕೈ ಬಿಚ್ಚಲಿ, ಮುಷ್ಟಿ ಇದ್ದಲ್ಲೇ ಇರಲಿ. ಹಾಗೆಂದು ಎಲ್ಲ ತಪ್ಪನ್ನೂ ಮಗುವಿನ ಮೇಲೆ ಹೊರಿಸಬೇಡಿ. ದಿನಕ್ಕೆ ನಾಲ್ಕೈದು ಹೊಸಬರನ್ನು ಹೊತ್ತ ಕುದುರೆ ಸುಸ್ತಾಗಿರಬಹುದು, ಕಾಲು ಕುಂಟುತ್ತಿರಬಹುದು. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮ ಕುದುರೆ ಈಗ ಕುತ್ತಿಗೆ ಚೆನ್ನಾಗಿ ಬಾಗಿಸಿ, ಗಲ್ಲ ಎದೆಗೆ ತಂದುಕೊಂಡು ನಡೆಯುತ್ತದೆ. ಲಗಾಮು ಹಗುರ. ಇದೇ ಅಲ್ಲವೇ ಮೃದುತ್ವ? ಡ್ರಾ ರೇನ್ (ಹೊಟ್ಟೆಪಟ್ಟಿಯಿಂದ ಬಿಟ್ಟಿನ ಬಳೆಯೊಳಗೆ ಹಾಯ್ದು ಕೈಗೆ ಬರುವ ಹೆಚ್ಚುವರಿ ಲಗಾಮು) ಹಾಕಿದ್ದು ಮೂರು ವಾರ ಮಾತ್ರ. (ಹುಬ್ಬಳ್ಳಿ)

ಉತ್ತರ: ಅಲ್ಲ. ಗಲ್ಲ ಎದೆಗೆ ಬಂದ ಕುದುರೆ ಬಿಟ್ಟಿನಿಂದ ತಪ್ಪಿಸಿಕೊಂಡು ಅಡಗಿದೆ. ಡ್ರಾ ರೇನ್ ರಾಟೆಯಂತೆ ತಲೆಯನ್ನು ಕೆಳಗೆಳೆಯುತ್ತದೆ. ಕುದುರೆಗೆ ಸೋಲಲು ಒಂದೇ ದಾರಿ, ಒಳಗೆ ಮಡಚಿಕೊಳ್ಳುವುದು. ಭಾರವೇ ಇಲ್ಲದ ಲಗಾಮಿನಲ್ಲಿ ನಿಮ್ಮ ಮಾತು ಅತ್ತ ತಲುಪುವುದೂ ಇಲ್ಲ. ಬಾವಿಗೆ ಬಿಟ್ಟ ಹಗ್ಗದ ತುದಿಯಲ್ಲಿ ಕೊಡವಿದೆಯೋ ಇಲ್ಲವೋ ಎಂದು ಕೈಗೆ ತಿಳಿಯುತ್ತದಲ್ಲ, ಅಷ್ಟಾದರೂ ಇರಬೇಕು.

ಒಂದು ಪರೀಕ್ಷೆ ಮಾಡಿ. 20 ಮೀಟರ್ ವೃತ್ತದಲ್ಲಿ ಟ್ರಾಟ್ ಮಾಡುತ್ತ ಎರಡೂ ಕೈಯನ್ನು ಕುತ್ತಿಗೆಯುದ್ದಕ್ಕೆ ಒಂದು ಗೇಣು ಮುಂದೆ ಸರಿಸಿ, ಮೂರು ಹೆಜ್ಜೆ ಬಿಟ್ಟು ಹಿಂದೆ ತನ್ನಿ. ಲಯ, ವೇಗ, ತಲೆಯ ಎತ್ತರ ಹಾಗೇ ಉಳಿದರೆ ಅದು ತನ್ನ ಕಾಲ ಮೇಲೆ ತಾನಿದೆ. ಆಮೇಲೆ ಲಗಾಮನ್ನು ಬೆರಳುಗಳಿಂದ ಸ್ವಲ್ಪ ಸ್ವಲ್ಪವೇ ಜಾರಲು ಬಿಡಿ. ಮೃದುವಾದ ಕುದುರೆ ಬಿಟ್ಟನ್ನು ಹುಡುಕಿಕೊಂಡು ಮೂತಿಯನ್ನು ಮುಂದಕ್ಕೂ ಕೆಳಕ್ಕೂ ಚಾಚುತ್ತದೆ, ಬೆನ್ನು ಉಬ್ಬುತ್ತದೆ, ಓಟ ಹೆಚ್ಚುವುದಿಲ್ಲ. ನಿಮ್ಮದು ಬಹುಶಃ ಮಡಚಿಕೊಂಡೇ ಇರುತ್ತದೆ, ಇಲ್ಲವೇ ತಲೆ ಮೇಲೆತ್ತಿ ಓಡುತ್ತದೆ.

ಡ್ರೆಸ್ಸಾಜ್ (ಕುದುರೆಯ ನಡಿಗೆ, ವಿಧೇಯತೆಯನ್ನು ಅಳೆಯುವ ಸ್ಪರ್ಧೆ) ನಿಯಮ ಕೇಳುವುದೂ ಮೂಗು ಲಂಬರೇಖೆಗಿಂತ ತುಸು ಮುಂದಿರಲಿ ಎಂದೇ. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೀನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಮಾಡಿದ ಡ್ರೆಸ್ಸಾಜ್ ಸುತ್ತಿನ ವಿಡಿಯೊ ಸಿಕ್ಕರೆ ತಲೆಯನ್ನು ಬಿಟ್ಟು ಹಿಂಗಾಲು ನೋಡಿ. 28 ಪೆನಾಲ್ಟಿಗೆ ಮುಗಿಸಿದ ಸವಾರಿ ಅದು, ಪೆನಾಲ್ಟಿ ಕಡಿಮೆಯಿದ್ದಷ್ಟೂ ಒಳ್ಳೆಯದು.

ಡ್ರಾ ರೇನ್ ಬಿಚ್ಚಿಡಿ. ಮೂಗುಪಟ್ಟಿಯೂ ಬಿಗಿಯಾಗಿದ್ದರೆ ಸಡಿಲಿಸಿ, ಮೂಗಿನ ಮೂಳೆಯ ಮೇಲೆ ಎರಡು ಬೆರಳು ಹಿಡಿಸಬೇಕು. ಬದಿಯಲ್ಲಿ ಬೆರಳು ತೂರಿಸಿ ‘ಹಿಡಿಸಿತು’ ಅನ್ನುವವರಿದ್ದಾರೆ, ಅಲ್ಲಿ ಮೆತ್ತಗಿರುವುದರಿಂದ ಹಿಡಿಸಿಯೇ ಹಿಡಿಸುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2025ರಿಂದ ಇದಕ್ಕೊಂದು ಅಳತೆಪಟ್ಟಿಯೇ ಬಂದಿದೆ, 1.5 ಸೆಂ.ಮೀ. ಜಾಗ ಬೇಕು. ಇನ್ನು ಒಂದು ತಿಂಗಳು ಉದ್ದ ಲಗಾಮಿನಲ್ಲಿ ಚುರುಕಾದ ವಾಕ್, ದಿಬ್ಬ ಹತ್ತಿ ಇಳಿಯುವುದು, ನೆಲದ ಮೇಲಿಟ್ಟ ಕಂಬಗಳನ್ನು ದಾಟುವುದು, ಇಷ್ಟೇ ಮಾಡಿ. ಟ್ರಾಟ್‌ಗೆ ಕಂಬಗಳ ನಡುವೆ 1.3 ಮೀಟರ್ ಅಂತರದಿಂದ ಶುರುಮಾಡಿ, ನಿಮ್ಮ ಕುದುರೆಯ ಹೆಜ್ಜೆಗೆ ತಕ್ಕಂತೆ ಹೊಂದಿಸಿಕೊಳ್ಳಿ. ಮೂತಿ ಮುಂದೆ ಬಂದಾಗ ಕೈಗೆ ಮತ್ತೆ ಭಾರ ಬಿದ್ದರೆ ಗಾಬರಿಯಾಗಬೇಡಿ. ಅಡಗಿದ ಕುದುರೆಗಿಂತ ಆನುವ ಕುದುರೆ ವಾಸಿ, ಮೇಲೆ ಯಲಹಂಕದವರಿಗೆ ಹೇಳಿದ್ದು ಅಲ್ಲಿಂದ ನಿಮಗೂ ಸಲ್ಲುತ್ತದೆ.

ಪ್ರಶ್ನೆ: ನನಗೆ ವಾರಕ್ಕೊಂದೇ ಕ್ಲಾಸ್, ಪ್ರತಿ ಸಲ ಬೇರೆ ಕುದುರೆ. ಹೀಗಿದ್ದರೆ ಕೈ ಹದಕ್ಕೆ ಬರುವುದೇ? (ಬೆಂಗಳೂರು)

ಉತ್ತರ: ಬರುತ್ತದೆ, ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ. ಎರಡು ಮೀಟರ್ ಹಗ್ಗದ ತುದಿಗಳನ್ನು ಮನೆಯವರೊಬ್ಬರು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಲ್ಲಲಿ, ಹಿಂದಿನಿಂದ ನೀವು ನಡುಭಾಗವನ್ನು ಲಗಾಮಿನಂತೆ ಹಿಡಿಯಿರಿ. ಬಲಕ್ಕೆ, ಎಡಕ್ಕೆ, ನಿಲ್ಲು ಎಂಬುದನ್ನು ಬೆರಳಿನಲ್ಲೇ ಹೇಳಿ. ಯಾವುದು ತಿಳಿಯಿತು, ಯಾವುದು ಒರಟಾಗಿತ್ತು ಎಂದು ಅವರು ಬಾಯಿಬಿಟ್ಟು ಹೇಳಬಲ್ಲರು. ಆಮೇಲೆ ಜಾಗ ಬದಲಿಸಿ ನೀವು ಕುದುರೆಯಾಗಿ. ಬಹುತೇಕರಿಗೆ ಬಲಗೈ ಜೋರು ಎಂಬುದು ಅಲ್ಲೇ ಬಯಲಾಗುತ್ತದೆ.

ಮೈದಾನದಲ್ಲಿ ಕುದುರೆಯ ಕುತ್ತಿಗೆಗೆ ಒಂದು ಚರ್ಮದ ಪಟ್ಟಿ ಕಟ್ಟಿಸಿಕೊಳ್ಳಿ. ತೂಕ ತಪ್ಪಿದಾಗ ಲಗಾಮಿಗೆ ಜೋತುಬೀಳುವ ಬದಲು ಕಿರುಬೆರಳು ಅದಕ್ಕೆ ಸಿಕ್ಕಿಸಿ. ಹೊಸ ಕುದುರೆ ಸಿಕ್ಕಿದ ದಿನ ಮೊದಲ ಐದು ನಿಮಿಷ ಸಡಿಲ ಲಗಾಮಿನಲ್ಲಿ ವಾಕ್ ಮಾಡಿ, ಹೊಟ್ಟೆ ನಿಮ್ಮ ಯಾವ ಕಾಲಿನಿಂದ ಅತ್ತ ಸರಿಯುತ್ತದೆ ಎಂದು ಗಮನಿಸಿ. ಹೊಟ್ಟೆ ಎಡಗಾಲಿನಿಂದ ದೂರ ತೂಗಿದಾಗ ಎಡ ಹಿಂಗಾಲು ಮುಂದಕ್ಕೆ ಬರುತ್ತಿರುತ್ತದೆ. ಎಡಗಾಲಿನ ಒತ್ತು ಕೊಡಬೇಕಾದದ್ದು ಆಗಲೇ. ಕಾಲು ನೆಲಕ್ಕೂರಿ ಮೈಭಾರ ಹೊತ್ತ ಮೇಲೆ ಒತ್ತಿದರೆ ಕುದುರೆ ಬಯಸಿದರೂ ಅದನ್ನು ಎತ್ತಲಾರದು.