ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಸೋಲಿಂಗನ್ ಕತ್ತಿ: ಆ ಊರಿನ ಕಸುಬು ಏನಾಯಿತು?

ಅಜ್ಜನ ಪೆಟ್ಟಿಗೆಯಲ್ಲಿ ‘ಸೋಲಿಂಗನ್’ ಎಂದು ಬರೆದ ಕ್ಷೌರದ ಕತ್ತಿ ಸಿಕ್ಕಿತು, ಅಂಥದ್ದು ಈಗ ಯಾಕೆ ಕಾಣುವುದಿಲ್ಲ ಅಂತ ಕೇಳಿದ್ದೀರಿ. ಮೊದಲು ಒಂದು ಮಾತು, ಅದನ್ನು ಗುಜರಿಗೆ ಹಾಕಬೇಡಿ. ಉಡುಪಿಯಲ್ಲಿ ನಮ್ಮದು ಸೆಲೂನ್. ಅಪ್ಪ ಅಂಥ ಎರಡೇ ಕತ್ತಿಯಲ್ಲಿ ಎಷ್ಟೋ ವರ್ಷ ದುಡಿದವರು.

ಸೋಲಿಂಗನ್ ಜರ್ಮನಿಯ ಊರು. ಹತ್ತಿರದಲ್ಲೇ ವುಪ್ಪರ್ ನದಿ, ಅದಕ್ಕೆ ಸೇರುವ ತೊರೆಗಳು. ಆ ನೀರಿನಿಂದಲೇ ಸಾಣೆಚಕ್ರ ತಿರುಗುತ್ತಿತ್ತು. ಮೊದಲು ಖಡ್ಗ, ಆಮೇಲೆ ಚಾಕು, ಕತ್ತರಿ, ಕ್ಷೌರದ ಕತ್ತಿ. ಬಡಿಯುವವನು ಒಬ್ಬ, ಹದ ಮಾಡುವವನು ಇನ್ನೊಬ್ಬ, ಸಾಣೆ ಹಿಡಿಯುವವನು, ಹಿಡಿ ಕೂರಿಸುವವನು ಬೇರೆ ಬೇರೆ. ಊರಿನ ಹೆಸರಿಗೆ ಎಷ್ಟು ಬೆಲೆ ಅಂದರೆ, ಅದನ್ನು ಕಂಡಕಂಡವರು ಬಳಸದ ಹಾಗೆ 1938ರಲ್ಲಿ ಕಾನೂನೇ ಬಂತು.

ನಿಮ್ಮ ಕತ್ತಿಯನ್ನು ತುದಿಯ ಕಡೆಯಿಂದ ನೋಡಿ. ಬೆನ್ನು ದಪ್ಪ, ಎರಡೂ ಬದಿ ಗುಳಿ ಬಿದ್ದ ಹಾಗೆ ಒಳಕ್ಕೆ ಸವೆಸಿರುತ್ತಾರೆ, ಬಾಯಿಯ ಹತ್ತಿರ ಕಾಗದದಷ್ಟು ತೆಳು. ಮಸೆಯುವ ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು, ಬಾಯಿ ಎರಡೇ ತಾಗುತ್ತವೆ. ಎಷ್ಟು ಓರೆ ಹಿಡಿಯಬೇಕು ಅಂತ ಲೆಕ್ಕ ಹಾಕುವುದೇ ಬೇಡ, ಕತ್ತಿಯೇ ಹೇಳುತ್ತದೆ. ಚಕ್ರದ ಮುಂದೆ ಕೂತು ಕೈಯಲ್ಲೇ ಇದನ್ನು ಮಾಡಿದವರು ಎಂಥವರಿರಬೇಕು, ಅಲ್ವಾ?

ಹಾಗಾದರೆ ಈ ಕತ್ತಿಯ ಕಸುಬು ಬಿದ್ದದ್ದು ಯಾಕೆ? ಮಾಲು ಕೆಟ್ಟದ್ದಲ್ಲ. ಜನರಿಗೆ ಮಸೆಯುವ ಕೆಲಸ ಬೇಡವಾಯಿತು, ಅಷ್ಟೇ. 1904ರಲ್ಲಿ ಅಮೆರಿಕದ ಜಿಲೆಟ್‌ಗೆ ಬಿಸಾಡುವ ಬ್ಲೇಡಿನ ರೇಜರ್‌ಗೆ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 35 ಲಕ್ಷ ರೇಜರ್ ಹೋಯಿತು. ಊರಿಗೆ ಮರಳಿದ ಮೇಲೆ ಮತ್ತೆ ಕಲ್ಲು, ಚರ್ಮದ ಪಟ್ಟಿ ಯಾರು ಹಿಡಿಯುತ್ತಾರೆ? 1944ರ ನವೆಂಬರ್‌ನಲ್ಲಿ ಸೋಲಿಂಗನ್ ಮೇಲೆ ಬಾಂಬೂ ಬಿತ್ತು. ಆದರೆ ಅದು ಆಮೇಲಿನ ಪೆಟ್ಟು ಅಂತಲೇ ನನ್ನ ಲೆಕ್ಕ. ಕರೆಂಟಿನ ಶೇವರ್, ಸ್ಟೇನ್‌ಲೆಸ್ ಬ್ಲೇಡ್ ಬಂದ ಮೇಲೆ ಮನೆಗಳಲ್ಲಿ ಈ ಕತ್ತಿಗೆ ಜಾಗವೇ ಉಳಿಯಲಿಲ್ಲ.

ನಮ್ಮ ಅಂಗಡಿಯಲ್ಲಿ ಅದು ಇನ್ನೂ ಬಹಳ ವರ್ಷ ಉಳಿಯಿತು. ಅದನ್ನು ಕೆಳಗಿಡಿಸಿದ್ದು ಏಡ್ಸ್ ಹೆದರಿಕೆ. ಗಿರಾಕಿ ಕುರ್ಚಿಯಲ್ಲಿ ಕೂರುವ ಮೊದಲೇ “ಹೊಸ ಬ್ಲೇಡ್ ಹಾಕಿ ಮಾರಾಯ್ರೇ” ಅನ್ನತೊಡಗಿದರು. ಅವರದ್ದೂ ತಪ್ಪಲ್ಲ. ಅಪ್ಪ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮುರಿದು, ಅರ್ಧವನ್ನು ತಗಡಿನ ಹಿಡಿಗೆ ಸಿಕ್ಕಿಸುವುದನ್ನು ಕಲಿತರು. ಮೊದಲ ವಾರ ಇಬ್ಬರ ಕೆನ್ನೆ ಗೀರಿದರು. ಕೈಗೆ ಭಾರವೇ ಸಿಗುವುದಿಲ್ಲ ಅಂತ ಗೊಣಗುತ್ತಿದ್ದರು.

ಸೋಲಿಂಗನ್ ಸತ್ತಿಲ್ಲ. ಅಡುಗೆ ಚಾಕು, ಕತ್ತರಿ ಈಗಲೂ ಜೋರಾಗಿ ಮಾಡುತ್ತಾರೆ, ಕ್ಷೌರದ ಕತ್ತಿ ಸ್ವಲ್ಪ.

ನಿಮ್ಮದನ್ನು ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಿಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಸುಮ್ನೆ ಇಟ್ಟರೆ ವಾರದಲ್ಲೇ ತುಕ್ಕು. ಬಿಳಿ ಹಿಡಿ ನೋಡಿ ಯಾರಾದರೂ ದಂತ ಅಂದರೆ ತಕ್ಷಣ ನಂಬಬೇಡಿ, ಸೆಲ್ಯುಲಾಯ್ಡ್ ಇರುವುದೇ ಜಾಸ್ತಿ.